ಹೊಲ ಬಿಟ್ಟ ಗೊಬ್ಬರ ಸಮುದ್ರ ಸೇರಿದಾಗ

ಹೊಲಕ್ಕೆ ಹಾಕಿದ ಗೊಬ್ಬರವೆಲ್ಲ ಬೆಳೆಗೇ ಸೇರುತ್ತದೆ ಎಂದು ಭಾವಿಸುವುದು ಸಹಜ. ಆದರೆ ವಾಸ್ತವ ಸ್ಥಿತಿ ಹಾಗಿಲ್ಲ. ನೀರು ನಿಂತ ಗದ್ದೆಗೆ ಎರಚಿದ ಯೂರಿಯದಲ್ಲಿರುವ ಸಾರಜನಕದ ಪೈಕಿ ಸಾಮಾನ್ಯವಾಗಿ ಶೇಕಡಾ 30ರಿಂದ 40ರಷ್ಟು ಮಾತ್ರ ಭತ್ತದ ಬೆಳೆಗೆ ದಕ್ಕುತ್ತದೆ. ಮೂರು ಚೀಲ ಯೂರಿಯ ಕೊಂಡು ಹಾಕಿದ ರೈತನ ಬೆಳೆ ಉಣ್ಣುವುದು ಹೆಚ್ಚುಕಡಿಮೆ ಒಂದು ಚೀಲವನ್ನು. ಉಳಿದ ಎರಡು ಚೀಲಗಳ ಸಾರಜನಕದಲ್ಲಿ ಒಂದಿಷ್ಟು ಗಾಳಿಗೆ ಹಾರುತ್ತದೆ, ಒಂದಿಷ್ಟು ಮಣ್ಣಿನ ಸಾವಯವ ವಸ್ತುವಿನಲ್ಲಿ ಉಳಿಯುತ್ತದೆ, ಇನ್ನೊಂದಿಷ್ಟು ನೀರಿನೊಡನೆ ಹೊಲ ಬಿಟ್ಟು ಹೋಗುತ್ತದೆ.

ಹೀಗೆ ಹೋದದ್ದು ರೈತನಿಗೆ ನಷ್ಟವೆಂಬುದು ಎಲ್ಲರಿಗೂ ತಿಳಿದ ಮಾತು. ಆದರೆ ಅದು ಅಲ್ಲಿಗೇ ಮುಗಿಯುವುದಿಲ್ಲ. ಹನಿ ಹನಿ ಕೂಡಿ ಹಳ್ಳವಾಗುವಂತೆ, ಲಕ್ಷಾಂತರ ಹೊಲಗಳಿಂದ ಸೋರಿದ ಪೋಷಕಾಂಶ ಕೆರೆ, ನದಿಗಳನ್ನು ದಾಟಿ ಸಮುದ್ರವನ್ನು ಮುಟ್ಟುತ್ತದೆ. ಬೇಸಾಯದ ಕ್ರಮ ಬದಲಾದಾಗ ದೂರದ ಸಮುದ್ರ ಹೇಗೆ ಕೆಡುತ್ತದೆ, ಹೇಗೆ ಚೇತರಿಸಿಕೊಳ್ಳುತ್ತದೆ ಎಂಬುದಕ್ಕೆ ಯೂರೋಪಿನಲ್ಲಿ ಎರಡು ಸ್ಪಷ್ಟ ನಿದರ್ಶನಗಳಿವೆ. ಒಂದು ಕಡೆ ಬೇಸಾಯವೇ ಕುಸಿದು ಸಮುದ್ರ ಉಸಿರಾಡಿತು. ಇನ್ನೊಂದು ಕಡೆ ಬೇಸಾಯವನ್ನು ಉಳಿಸಿಕೊಂಡೇ ಸೋರಿಕೆಯನ್ನು ತಡೆಯಲಾಯಿತು. ಈ ಎರಡರ ನಡುವಣ ವ್ಯತ್ಯಾಸವನ್ನು ತಿಳಿಯುವುದು ರೈತರಿಗೂ ವಿಸ್ತರಣಾ ಕಾರ್ಯಕರ್ತರಿಗೂ ಉಪಯುಕ್ತ.

ಪೋಷಕಾಂಶಗಳು ಹೊಲ ಬಿಡುವ ಬಗೆ

ಸಾರಜನಕ ಮತ್ತು ರಂಜಕ, ಇವೆರಡೂ ಹೊಲ ಬಿಟ್ಟು ಹೋಗುವ ದಾರಿ ಬೇರೆ ಬೇರೆ. ಯೂರಿಯ ಮಣ್ಣಿಗೆ ಬಿದ್ದ ಕೆಲವು ದಿನಗಳಲ್ಲಿ ಅಮೋನಿಯಂ ರೂಪಕ್ಕೆ ಬರುತ್ತದೆ. ಗಾಳಿಯಾಡುವ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಜೇಡಿ ಕಣಗಳು ಋಣ ವಿದ್ಯುದಂಶ ಹೊಂದಿರುವುದರಿಂದ ಧನ ವಿದ್ಯುದಂಶವಿರುವ ಅಮೋನಿಯಂ ಅವುಗಳಿಗೆ ಅಂಟಿಕೊಂಡಿರುತ್ತದೆ. ನೈಟ್ರೇಟ್ ಕೂಡ ಋಣ ವಿದ್ಯುದಂಶದ್ದೇ ಆದ್ದರಿಂದ ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳಲಾರದು. ಜೋರು ಮಳೆ ಬಂದರೆ ಅಥವಾ ಅತಿಯಾಗಿ ನೀರು ಹಾಯಿಸಿದರೆ ಅದು ಬೇರಿನ ಆಳವನ್ನು ದಾಟಿ ಅಂತರ್ಜಲಕ್ಕೆ ಇಳಿಯುತ್ತದೆ, ಅಲ್ಲಿಂದ ನಿಧಾನವಾಗಿ ಹಳ್ಳಕ್ಕೆ ಒಸರುತ್ತದೆ.

ರಂಜಕದ ಗುಣ ಇದಕ್ಕೆ ವ್ಯತಿರಿಕ್ತ. ಅದು ಕಬ್ಬಿಣ, ಅಲ್ಯೂಮಿನಿಯಂ ಮತ್ತು ಸುಣ್ಣದ ಅಂಶಗಳೊಡನೆ ಸೇರಿ ಮಣ್ಣಿಗೇ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆದ್ದರಿಂದ ಮಣ್ಣು ಕೊಚ್ಚಿಹೋದರೆ ಮಾತ್ರ ರಂಜಕವೂ ಹೆಚ್ಚಾಗಿ ಹೋಗುತ್ತದೆ. ಮುಂಗಾರಿನ ಮೊದಲ ಮಳೆಗಳಲ್ಲಿ ಹಳ್ಳದಲ್ಲಿ ಹರಿಯುವ ಕೆಂಪು ನೀರು ಮಣ್ಣಿನೊಡನೆ ರಂಜಕವನ್ನೂ ಹೊತ್ತು ಸಾಗುತ್ತಿರುತ್ತದೆ. ಸಾರಜನಕದ ನಷ್ಟ ಕಣ್ಣಿಗೆ ಕಾಣದೆ ಕೆಳಗಿಳಿಯುತ್ತದೆ. ರಂಜಕದ ನಷ್ಟ ಕಣ್ಣೆದುರೇ ಮೇಲೆ ಹರಿಯುತ್ತದೆ.

ರಾಸಾಯನಿಕ ಗೊಬ್ಬರ ಮಾತ್ರ ಹೀಗೆ ನಷ್ಟವಾಗುತ್ತದೆ ಎಂದು ತಿಳಿಯಬಾರದು. ಮಳೆಗೆ ತೆರೆದಿಟ್ಟ ತಿಪ್ಪೆಯಿಂದ ಇಳಿಯುವ ಕಪ್ಪು ನೀರಿನಲ್ಲಿ ಸಾರಜನಕ, ರಂಜಕ ಎರಡೂ ಇರುತ್ತವೆ. ಕೊಟ್ಟಿಗೆ ಗೊಬ್ಬರವಾದರೂ ಇಡುವ ರೀತಿ ತಪ್ಪಿದರೆ ಅದೂ ನೀರನ್ನು ಕೆಡಿಸುತ್ತದೆ.

ನೀರಿನಲ್ಲಿ ಆಗುವುದೇನು?

ಬೆಳೆಗೆ ಆಹಾರವಾದದ್ದು ಪಾಚಿಗೂ ಆಹಾರ. ಒಂದು ಗ್ರಾಂ ರಂಜಕ ನೀರಿಗೆ ಸೇರಿದರೆ ಸುಮಾರು 100 ಗ್ರಾಂ ಒಣ ತೂಕದಷ್ಟು ಪಾಚಿ ಬೆಳೆಯಬಲ್ಲದು. ಸಾಮಾನ್ಯವಾಗಿ ಕೆರೆ ಮತ್ತು ಜಲಾಶಯಗಳಲ್ಲಿ ರಂಜಕದ ಕೊರತೆಯೂ ಸಮುದ್ರದಲ್ಲಿ ಸಾರಜನಕದ ಕೊರತೆಯೂ ಪಾಚಿಯ ಬೆಳವಣಿಗೆಯನ್ನು ಹಿಡಿತದಲ್ಲಿಟ್ಟಿರುತ್ತವೆ. ಆ ಕೊರತೆಯನ್ನು ಹೊಲದ ನೀರು ತುಂಬಿಕೊಟ್ಟರೆ ಪಾಚಿ ಮಿತಿಮೀರಿ ಹಬ್ಬುತ್ತದೆ.

ಪಾಚಿ ಬದುಕಿರುವಾಗ ಆಗುವ ತೊಂದರೆಗಿಂತ ಸತ್ತ ಮೇಲೆ ಆಗುವ ತೊಂದರೆ ಹೆಚ್ಚಿನದು. ಸತ್ತ ಪಾಚಿ ತಳಕ್ಕಿಳಿದು ಕೊಳೆಯುತ್ತದೆ. ಕೊಳೆಸುವ ಬ್ಯಾಕ್ಟೀರಿಯಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ನದಿಯ ಮುಖದಲ್ಲಿ ಹಗುರವಾದ ಸಿಹಿನೀರು ಭಾರವಾದ ಉಪ್ಪುನೀರಿನ ಮೇಲೆ ಮುಚ್ಚಳದಂತೆ ಹರಡಿಕೊಳ್ಳುವುದರಿಂದ ಮೇಲಿನ ಗಾಳಿ ತಳಕ್ಕೆ ತಲುಪುವುದಿಲ್ಲ. ಲೀಟರು ನೀರಿನಲ್ಲಿ ಆಮ್ಲಜನಕ 2 ಮಿಲಿಗ್ರಾಂಗಿಂತ ಕಡಿಮೆಯಾದರೆ ಮೀನುಗಳು ಆ ಜಾಗ ಬಿಟ್ಟು ಓಡುತ್ತವೆ. ಓಡಲಾರದ ಚಿಪ್ಪುಜೀವಿ, ಏಡಿ, ಹುಳುಗಳು ಅಲ್ಲಿಯೇ ಸಾಯುತ್ತವೆ. ಇಂಥ ಪ್ರದೇಶವನ್ನು ವಿಜ್ಞಾನಿಗಳು ‘ಸತ್ತ ವಲಯ’ ಎಂದು ಕರೆಯುತ್ತಾರೆ.

ಡ್ಯಾನ್ಯೂಬ್ ನದಿ ಕಲಿಸಿದ ಪಾಠ

ಜರ್ಮನಿಯ ಬೆಟ್ಟಗಳಲ್ಲಿ ಹುಟ್ಟುವ ಡ್ಯಾನ್ಯೂಬ್ ನದಿ ಸುಮಾರು 2,850 ಕಿಲೋಮೀಟರ್ ಹರಿದು ಕಪ್ಪು ಸಮುದ್ರವನ್ನು ಸೇರುತ್ತದೆ. ಅದರ ಜಲಾನಯನ ಪ್ರದೇಶ ಸುಮಾರು 8 ಲಕ್ಷ ಚದರ ಕಿಲೋಮೀಟರ್. ಕಪ್ಪು ಸಮುದ್ರದ ಆಳದ ನೀರಿನಲ್ಲಿ ಸ್ವಾಭಾವಿಕವಾಗಿಯೇ ಆಮ್ಲಜನಕವಿಲ್ಲ. ಆದರೆ ಡ್ಯಾನ್ಯೂಬ್ ಬಂದು ಸೇರುವ ವಾಯವ್ಯ ಭಾಗ ಆಳವಿಲ್ಲದ್ದು. ಹಿಂದೆ ಅದು ಮೀನು, ಚಿಪ್ಪುಜೀವಿ ಮತ್ತು ಕೆಂಪು ಕಡಲಕಳೆಗಳಿಂದ ತುಂಬಿದ ಸಮೃದ್ಧ ಪ್ರದೇಶವಾಗಿತ್ತು.

1960ರ ದಶಕದಿಂದ ಡ್ಯಾನ್ಯೂಬ್ ಕಣಿವೆಯ ಬೇಸಾಯ ಬಹಳ ವೇಗವಾಗಿ ಬದಲಾಯಿತು. ಪೂರ್ವ ಯೂರೋಪಿನ ಸರ್ಕಾರಿ ಮತ್ತು ಸಾಮೂಹಿಕ ಬೇಸಾಯ ಕ್ಷೇತ್ರಗಳಿಗೆ ರಾಸಾಯನಿಕ ಗೊಬ್ಬರ ಅತಿ ಅಗ್ಗದ ದರದಲ್ಲಿ ದೊರೆಯಿತು. ಗೊಬ್ಬರದ ಬೆಲೆ ಕಡಿಮೆಯಿದ್ದಾಗ ಲೆಕ್ಕವಿಟ್ಟು ಹಾಕುವವರೂ ಕಡಿಮೆ. ಇದರೊಡನೆ ಹಂದಿ ಮತ್ತು ದನಗಳ ಬೃಹತ್ ಸಾಕಣೆ ಕೇಂದ್ರಗಳು ತಲೆಯೆತ್ತಿದವು. ಅಲ್ಲಿ ಸಂಗ್ರಹವಾಗುವ ಸಗಣಿ, ಗಂಜಲಗಳನ್ನು ಹರಡಲು ಸುತ್ತ ಸಾಕಷ್ಟು ಭೂಮಿ ಇರಲಿಲ್ಲ. ನಗರಗಳ ಚರಂಡಿ ನೀರು ಮತ್ತು ಬಟ್ಟೆ ಒಗೆಯುವ ಪುಡಿಯಲ್ಲಿನ ರಂಜಕವೂ ನದಿಗೆ ಸೇರಿದವು.

ಪರಿಣಾಮ ಕಾಣಿಸಿಕೊಳ್ಳಲು ಹೆಚ್ಚು ಕಾಲ ಬೇಕಾಗಲಿಲ್ಲ. 1973ರಲ್ಲಿ ವಾಯವ್ಯ ಭಾಗದ ಸುಮಾರು 3,500 ಚದರ ಕಿಲೋಮೀಟರ್ ತಳಪ್ರದೇಶದಲ್ಲಿ ಆಮ್ಲಜನಕದ ಕೊರತೆ ಕಂಡುಬಂದಿತು. 1990ರ ವೇಳೆಗೆ ಈ ವಲಯ ಸುಮಾರು 40,000 ಚದರ ಕಿಲೋಮೀಟರಿಗೆ ಹರಡಿತು. ಇದು ಕರ್ನಾಟಕ ರಾಜ್ಯದ ವಿಸ್ತೀರ್ಣದ ಐದನೇ ಒಂದು ಭಾಗಕ್ಕೆ ಸಮ. 1973ರಿಂದ 1990ರವರೆಗೆ ತಳವಾಸಿ ಜೀವಿಗಳಲ್ಲಿ ಸುಮಾರು 6 ಕೋಟಿ ಟನ್ ಸತ್ತುಹೋದುವೆಂದೂ ಅದರಲ್ಲಿ 50 ಲಕ್ಷ ಟನ್ ಮೀನು ಇತ್ತೆಂದೂ ಅಂದಾಜು ಮಾಡಲಾಗಿದೆ. 1980ರ ದಶಕದಲ್ಲಿ ಹೊರಗಿನಿಂದ ಬಂದ ಒಂದು ಬಗೆಯ ಲೋಳೆಜೀವಿಯೂ ಮೀನಿನ ಮರಿಗಳ ಆಹಾರವನ್ನು ಕಬಳಿಸಿ ಮೀನುಗಾರರ ಕಷ್ಟವನ್ನು ಹೆಚ್ಚಿಸಿತು.

ಬಳಿಕ ಯಾರೂ ಯೋಜಿಸದ ಒಂದು ಬದಲಾವಣೆ ನಡೆಯಿತು. 1989ರಿಂದ ಪೂರ್ವ ಯೂರೋಪಿನ ದೇಶಗಳಲ್ಲಿ ಸರ್ಕಾರಗಳು ಬದಲಾದವು. ಗೊಬ್ಬರಕ್ಕೆ ಸಿಗುತ್ತಿದ್ದ ಸಹಾಯಧನ ನಿಂತಿತು. ಬೃಹತ್ ಸಾಕಣೆ ಕೇಂದ್ರಗಳು ಅನೇಕ ಕಡೆ ಮುಚ್ಚಿದವು. ಕೆಲವೇ ವರ್ಷಗಳಲ್ಲಿ ಗೊಬ್ಬರದ ಬಳಕೆ ಅರ್ಧಕ್ಕಿಂತ ಕೆಳಗಿಳಿಯಿತು. ಇದೇ ಅವಧಿಯಲ್ಲಿ ನದಿಯ ಮೇಲ್ಭಾಗದ ಜರ್ಮನಿ ಮತ್ತು ಆಸ್ಟ್ರಿಯ ದೇಶಗಳು ಚರಂಡಿ ನೀರಿನ ಶುದ್ಧೀಕರಣವನ್ನು ಉತ್ತಮಪಡಿಸಿದವು. 1996ರಲ್ಲಿ ವಾಯವ್ಯ ಭಾಗದ ಸತ್ತ ವಲಯ ಮೊದಲ ಬಾರಿಗೆ ಕಾಣಿಸಿಕೊಳ್ಳಲಿಲ್ಲ. ನಂತರದ ವರ್ಷಗಳಲ್ಲಿ ತಳದ ಜೀವಿಗಳು ಸ್ವಲ್ಪಸ್ವಲ್ಪವಾಗಿ ಮರಳತೊಡಗಿದವು.

ಸಮುದ್ರ ಚೇತರಿಸಿಕೊಂಡದ್ದು ಸಂತೋಷದ ಸಂಗತಿಯೇ. ಆದರೆ ಅದಕ್ಕೆ ತೆತ್ತ ಬೆಲೆಯನ್ನು ಮರೆಯಬಾರದು. ಬೇಸಾಯಗಾರರು ಸಂಕಷ್ಟಕ್ಕೆ ಸಿಲುಕಿದರು, ಸಾಗುವಳಿಯಾಗುತ್ತಿದ್ದ ಭೂಮಿ ಎಷ್ಟೋ ಕಡೆ ಪಾಳು ಬಿದ್ದಿತು. ಬೇಸಾಯವನ್ನು ಕೆಡವಿ ಸಮುದ್ರವನ್ನು ಉಳಿಸುವುದು ಯಾವ ದೇಶಕ್ಕೂ ಮಾದರಿಯಾಗಲಾರದು.

ಡೆನ್ಮಾರ್ಕ್ ಹಿಡಿದ ದಾರಿ

ಡೆನ್ಮಾರ್ಕ್ ಚಿಕ್ಕ ದೇಶ. ಅದರ ಭೂಮಿಯ ಸುಮಾರು ಶೇಕಡಾ 60 ಭಾಗ ಸಾಗುವಳಿಯಲ್ಲಿದೆ. ಅಲ್ಲಿ ಜನರಿಗಿಂತ ಹಂದಿಗಳ ಸಂಖ್ಯೆ ಹೆಚ್ಚು. 1986ರಲ್ಲಿ ಕಟ್ಟೆಗಟ್ ಎಂಬ ಸಮುದ್ರ ಭಾಗದಲ್ಲಿ ಮೀನುಗಾರರ ಬಲೆಗೆ ಸತ್ತ ಕಡಲ ಸಿಗಡಿಗಳು ಬಂದವು. ಅದನ್ನು ದೂರದರ್ಶನದಲ್ಲಿ ಕಂಡ ಜನ ಕಳವಳಗೊಂಡರು. ಮರುವರ್ಷವೇ, ಅಂದರೆ 1987ರಲ್ಲಿ, ನೀರಿಗೆ ಸೇರುವ ಸಾರಜನಕವನ್ನು ಶೇಕಡಾ 50ರಷ್ಟು ಮತ್ತು ರಂಜಕವನ್ನು ಶೇಕಡಾ 80ರಷ್ಟು ತಗ್ಗಿಸುವ ಯೋಜನೆಯನ್ನು ಅಲ್ಲಿನ ಸಂಸತ್ತು ಅಂಗೀಕರಿಸಿತು.

ಈ ಯೋಜನೆಯ ಮೂಲ ತತ್ವ ಸರಳವಾಗಿತ್ತು: ಬೆಳೆ ಉಣ್ಣುವ ಕಾಲಕ್ಕೆ ಮಾತ್ರ ಗೊಬ್ಬರ ಕೊಡಬೇಕು, ಬೆಳೆಯಿಲ್ಲದ ಕಾಲದಲ್ಲಿ ಮಣ್ಣನ್ನು ಬೆತ್ತಲೆ ಬಿಡಬಾರದು. ಇದಕ್ಕೆ ಅನುಸಾರವಾಗಿ ಮುಖ್ಯವಾಗಿ ನಾಲ್ಕು ಬದಲಾವಣೆಗಳನ್ನು ತರಲಾಯಿತು. ಮೊದಲನೆಯದಾಗಿ, ಸಗಣಿ–ಗಂಜಲದ ಬಗ್ಗಡವನ್ನು ಹಲವು ತಿಂಗಳ ಕಾಲ ಶೇಖರಿಸಿಡುವ ತೊಟ್ಟಿಗಳನ್ನು ರೈತರು ಕಟ್ಟಿಸಬೇಕಾಯಿತು. ಎರಡನೆಯದಾಗಿ, ಸುಗ್ಗಿಯ ನಂತರ ಖಾಲಿ ನೆಲಕ್ಕೆ ಆ ಬಗ್ಗಡವನ್ನು ಹರಡುವುದನ್ನು ನಿಷೇಧಿಸಲಾಯಿತು. ಮೂರನೆಯದಾಗಿ, ಚಳಿಗಾಲದ ಮಳೆಯಲ್ಲಿ ನೈಟ್ರೇಟ್ ಇಳಿದುಹೋಗದಂತೆ ಅದನ್ನು ಹೀರಿಕೊಳ್ಳುವ ಮಧ್ಯಂತರ ಬೆಳೆಗಳನ್ನು ಬಿತ್ತುವ ಪದ್ಧತಿ ಬಂದಿತು. ನಾಲ್ಕನೆಯದಾಗಿ, ಪ್ರತಿ ರೈತನೂ ತನ್ನ ಜಮೀನಿಗೆ ಸೇರುವ ಸಾರಜನಕದ ಲೆಕ್ಕವನ್ನು ಬರೆದಿಡಬೇಕಾಯಿತು. ಕೊಟ್ಟಿಗೆ ಗೊಬ್ಬರದಲ್ಲಿರುವ ಸಾರಜನಕವನ್ನೂ ಆ ಲೆಕ್ಕಕ್ಕೆ ಹಿಡಿದು, ಅಷ್ಟನ್ನು ರಾಸಾಯನಿಕ ಗೊಬ್ಬರದಲ್ಲಿ ಕಳೆಯಬೇಕಾಗಿತ್ತು.

ಎರಡು ದಶಕಗಳಲ್ಲಿ ಡೆನ್ಮಾರ್ಕಿನಿಂದ ಸಮುದ್ರಕ್ಕೆ ಸೇರುವ ಸಾರಜನಕ ಸುಮಾರು ಅರ್ಧದಷ್ಟು ಕಡಿಮೆಯಾಯಿತು. ಹಾಗೆಂದು ಬೇಸಾಯ ಕುಸಿಯಲಿಲ್ಲ. ಹಾಲು, ಮಾಂಸ, ಧಾನ್ಯಗಳ ಉತ್ಪಾದನೆ ಮುಂದುವರಿಯಿತು. ಆದರೂ ರೈತರ ದೂರು ಇಲ್ಲದಿರಲಿಲ್ಲ. 1998ರ ನಂತರ ಗೊಬ್ಬರದ ಮಿತಿಯನ್ನು ಲಾಭದಾಯಕ ಪ್ರಮಾಣಕ್ಕಿಂತಲೂ ಕೆಳಗಿಟ್ಟಾಗ ಗೋಧಿಯಲ್ಲಿ ಪ್ರೋಟೀನಿನ ಅಂಶ ಇಳಿಯಿತು. 2016ರಲ್ಲಿ ಆ ಬಿಗಿಯನ್ನು ಸಡಿಲಿಸಲಾಯಿತು. ಅಲ್ಲಿನ ಕೊಲ್ಲಿಗಳಲ್ಲಿ ಆಮ್ಲಜನಕದ ಕೊರತೆ ಇನ್ನೂ ಪೂರ್ಣವಾಗಿ ನೀಗಿಲ್ಲ. ಆದರೂ ವ್ಯರ್ಥವಾಗುವ ಪಾಲನ್ನು ಕಡಿಮೆ ಮಾಡಿದರೆ ಹೊಲಕ್ಕೂ ನೀರಿಗೂ ಹಿತವೆಂಬುದು ಈ ಅನುಭವದಿಂದ ಸ್ಥಿರಪಟ್ಟಿದೆ.

ಹಳೆಯ ಬಾಕಿ ಬೇಗ ತೀರದು

ಪೂರ್ವ ಯೂರೋಪಿನಲ್ಲಿ ಗೊಬ್ಬರದ ಬಳಕೆ ಥಟ್ಟನೆ ಇಳಿದರೂ ನದಿಯ ನೀರಿನಲ್ಲಿ ನೈಟ್ರೇಟ್ ಅಷ್ಟೇ ಬೇಗ ಇಳಿಯಲಿಲ್ಲ. ಹಲವು ದಶಕಗಳ ಕಾಲ ಮಣ್ಣಿನಲ್ಲಿ, ಅಂತರ್ಜಲದಲ್ಲಿ ಸಂಗ್ರಹವಾದ ಸಾರಜನಕ ಸ್ವಲ್ಪಸ್ವಲ್ಪವಾಗಿ ಒಸರುತ್ತಲೇ ಇತ್ತು. ನದಿ, ಸಮುದ್ರಗಳ ತಳದ ಕೆಸರಿನಲ್ಲಿ ಸೇರಿದ ರಂಜಕವೂ ಹಾಗೆಯೇ ಮತ್ತೆ ಮತ್ತೆ ನೀರಿಗೆ ಬಿಡುಗಡೆಯಾಗುತ್ತದೆ.

ಅಮೆರಿಕದ ಮಿಸಿಸಿಪ್ಪಿ ನದಿಯ ಉದಾಹರಣೆ ಇನ್ನೂ ಎಚ್ಚರಿಕೆ ನೀಡುವಂಥದು. ಮುಸುಕಿನ ಜೋಳ ಮತ್ತು ಸೋಯಾ ಅವರೆ ಬೆಳೆಯುವ ವಿಶಾಲ ಬಯಲುಗಳಲ್ಲಿ ಬಸಿ ನೀರನ್ನು ಹೊರಹಾಕಲು ನೆಲದಡಿಯಲ್ಲಿ ಕೊಳವೆಗಳನ್ನು ಹೂಳಲಾಗಿದೆ. ನೈಟ್ರೇಟ್ ಆ ಕೊಳವೆಗಳ ಮೂಲಕ ನೇರವಾಗಿ ಹಳ್ಳ ಸೇರುತ್ತದೆ. ಮೆಕ್ಸಿಕೋ ಕೊಲ್ಲಿಯ ಸತ್ತ ವಲಯವನ್ನು 1985ರಿಂದ ಅಳೆಯುತ್ತ ಬರಲಾಗಿದೆ. ಅದನ್ನು ಐದು ವರ್ಷಗಳ ಸರಾಸರಿಯಲ್ಲಿ 5,000 ಚದರ ಕಿಲೋಮೀಟರಿಗೆ ಇಳಿಸುವ ಗುರಿಯನ್ನು ಮೊದಲು 2015ಕ್ಕೆ ಇಟ್ಟು, ನಂತರ 2035ಕ್ಕೆ ಮುಂದೂಡಲಾಯಿತು. 2017ರಲ್ಲಿ ಅದು ಸುಮಾರು 22,700 ಚದರ ಕಿಲೋಮೀಟರಿಗೆ ಹರಡಿತ್ತು. ಕೆಡುವುದಕ್ಕೆ ಹಿಡಿದಷ್ಟೇ ಕಾಲದಲ್ಲಿ ಸರಿಯಾಗುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಕೆಡದಂತೆ ನೋಡಿಕೊಳ್ಳುವುದೇ ಅಗ್ಗದ ಉಪಾಯ.

ಕರ್ನಾಟಕದ ರೈತರಿಗೆ ಇದರ ಸಂಬಂಧವೇನು?

ಕೃಷ್ಣಾ, ತುಂಗಭದ್ರಾ, ಕಾವೇರಿ ನದಿಗಳ ನೀರು ಬಂಗಾಳ ಕೊಲ್ಲಿಯನ್ನೂ, ನೇತ್ರಾವತಿ, ಶರಾವತಿ, ಕಾಳಿ ನದಿಗಳ ನೀರು ಅರಬ್ಬೀ ಸಮುದ್ರವನ್ನೂ ಸೇರುತ್ತದೆ. ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದ ಕೊನೆಯ ವೇಳೆಗೆ ಆಮ್ಲಜನಕ ಕಡಿಮೆಯಿರುವ ನೀರು ದಡದ ಸಮೀಪಕ್ಕೆ ಬರುವುದುಂಟು. ಅದಕ್ಕೆ ಮುಖ್ಯ ಕಾರಣ ಸಮುದ್ರದ ಆಳದಿಂದ ಮೇಲೇಳುವ ಸ್ವಾಭಾವಿಕ ಪ್ರವಾಹ. ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ಎದ್ದ ನೊರೆಗೆ ನಗರದ ಚರಂಡಿ ನೀರು ಕಾರಣ. ಆದ್ದರಿಂದ ನೀರು ಕೆಟ್ಟ ಕಡೆಯಲ್ಲೆಲ್ಲ ರೈತನನ್ನೇ ದೂರುವುದು ನ್ಯಾಯವಲ್ಲ.

ಆದರೆ ಊರ ಕೆರೆಯ ಮಟ್ಟಿಗೆ ಹೊಲದ ಪಾಲೂ ಇದೆ. ಹೊಲದ ನೀರು ಮೊದಲು ಸೇರುವುದು ಕೆರೆಗೆ ಮತ್ತು ಬಾವಿಗೆ. ಕೆರೆಯ ನೀರು ಹಸಿರುಗಟ್ಟುವುದು, ಅಂತರಗಂಗೆ ಹಬ್ಬಿ ನೀರನ್ನೇ ಮುಚ್ಚುವುದು ಪೋಷಕಾಂಶ ಮಿತಿಮೀರಿದ್ದರ ಗುರುತು. ಬಾವಿಯ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಿದರೆ ಭಾರತೀಯ ಮಾನಕದ ಪ್ರಕಾರ ಅದು ಕುಡಿಯಲು ಯೋಗ್ಯವಲ್ಲ. ಹಸುಗೂಸುಗಳಿಗೆ ಅದು ವಿಶೇಷವಾಗಿ ಅಪಾಯಕರ.

1992ರಲ್ಲಿ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ಬೆಲೆ ನಿಯಂತ್ರಣ ತೆಗೆದ ನಂತರ ಅವುಗಳ ಬೆಲೆ ಏರಿತು. ಯೂರಿಯ ಅಗ್ಗವಾಗಿಯೇ ಉಳಿಯಿತು. ಅಗ್ಗದ ಗೊಬ್ಬರದ ಕಡೆ ಕೈ ವಾಲುವುದು ಸಹಜವೇ. 2015ರಿಂದ ದೇಶದಲ್ಲಿ ಕೃಷಿಗೆ ಮಾರುವ ಯೂರಿಯಕ್ಕೆಲ್ಲ ಬೇವಿನ ಎಣ್ಣೆಯ ಲೇಪ ಕಡ್ಡಾಯವಾಗಿದೆ. ಈ ಲೇಪ ಅಮೋನಿಯಂ ನೈಟ್ರೇಟ್ ಆಗುವುದನ್ನು ನಿಧಾನಗೊಳಿಸುತ್ತದೆ. ಆದರೆ ಅಗತ್ಯಕ್ಕಿಂತ ಹೆಚ್ಚು ಹಾಕಿದರೆ ಯಾವ ಲೇಪವೂ ನಷ್ಟವನ್ನು ತಡೆಯಲಾರದು.

ರೈತರು ಅನುಸರಿಸಬಹುದಾದ ಕ್ರಮಗಳು

1. ಮಣ್ಣು ಪರೀಕ್ಷೆ ಮಾಡಿಸಿಯೇ ಗೊಬ್ಬರದ ಪ್ರಮಾಣವನ್ನು ನಿರ್ಧರಿಸಬೇಕು. ರಂಜಕ ಸಾಕಷ್ಟಿರುವ ಮಣ್ಣಿಗೆ ಪ್ರತಿ ಬೆಳೆಗೂ ಪೂರ್ಣ ಪ್ರಮಾಣದ ರಂಜಕ ಹಾಕುವುದು ದುಂದು.

2. ಡಿ.ಎ.ಪಿ.ಯಲ್ಲಿರುವ ಸಾರಜನಕವನ್ನು ಲೆಕ್ಕಕ್ಕೆ ಹಿಡಿಯಬೇಕು. ಉದಾಹರಣೆಗೆ, ಭತ್ತಕ್ಕೆ ಹೆಕ್ಟೇರಿಗೆ 100:50:50 ಕಿ.ಗ್ರಾಂ ಶಿಫಾರಸು ಇದ್ದರೆ ಎಕರೆಗೆ 40:20:20 ಕಿ.ಗ್ರಾಂ ಆಗುತ್ತದೆ. 20 ಕಿ.ಗ್ರಾಂ ರಂಜಕಕ್ಕೆ ಸುಮಾರು 43 ಕಿ.ಗ್ರಾಂ ಡಿ.ಎ.ಪಿ. ಸಾಕು. ಅದರಲ್ಲಿಯೇ ಸುಮಾರು 8 ಕಿ.ಗ್ರಾಂ ಸಾರಜನಕ ಬಂದಿರುತ್ತದೆ. ಉಳಿದ 32 ಕಿ.ಗ್ರಾಂ ಸಾರಜನಕಕ್ಕೆ ಸುಮಾರು 70 ಕಿ.ಗ್ರಾಂ ಯೂರಿಯ ಬೇಕು. ಡಿ.ಎ.ಪಿ.ಯ ಲೆಕ್ಕ ಮರೆತರೆ 87 ಕಿ.ಗ್ರಾಂ ಹಾಕಬೇಕಾಗುತ್ತದೆ. ಅಂದರೆ ಎಕರೆಗೆ 17 ಕಿ.ಗ್ರಾಂ ಯೂರಿಯ ಸುಮ್ಮನೆ ಹೆಚ್ಚಿಗೆ ಹೋಗುತ್ತದೆ.

3. ಸಾರಜನಕವನ್ನು ಒಂದೇ ಬಾರಿಗೆ ಕೊಡಬಾರದು. ಭತ್ತಕ್ಕೆ ಅರ್ಧ ಭಾಗವನ್ನು ತಳಗೊಬ್ಬರವಾಗಿ, ಉಳಿದ ಅರ್ಧವನ್ನು ತೆಂಡೆ ಒಡೆಯುವ ಹಂತ ಮತ್ತು ತೆನೆ ಮೂಡುವ ಹಂತಗಳಲ್ಲಿ ಎರಡು ಸಮಭಾಗ ಮಾಡಿ ಮೇಲುಗೊಬ್ಬರವಾಗಿ ಕೊಡಬೇಕು. ಎಲೆಯ ಬಣ್ಣವನ್ನು ಹೋಲಿಸಿ ನೋಡುವ ಬಣ್ಣದ ಪಟ್ಟಿ ದೊರೆತರೆ ಅದನ್ನು ಬಳಸಿ ಮೇಲುಗೊಬ್ಬರದ ಕಾಲವನ್ನು ತಿಳಿಯಬಹುದು.

4. ಜೋರು ಮಳೆಯ ಸೂಚನೆಯಿದ್ದಾಗ ಯೂರಿಯ ಎರಚಬಾರದು. ಮೇಲುಗೊಬ್ಬರ ಕೊಡುವ ಮುನ್ನ ಗದ್ದೆಯ ನೀರನ್ನು ತಗ್ಗಿಸಿ, ಗೊಬ್ಬರ ಕೊಟ್ಟ ಒಂದೆರಡು ದಿನಗಳ ನಂತರ ಮತ್ತೆ ನೀರು ಕಟ್ಟಬೇಕು. ಗದ್ದೆಯಿಂದ ಗದ್ದೆಗೆ ನೀರು ಹಾಯಿಸುವ ಕಡೆಗಳಲ್ಲಿ ಆ ಅವಧಿಯಲ್ಲಿ ಮಡೆಯನ್ನು ಭದ್ರವಾಗಿ ಮುಚ್ಚಬೇಕು. ಇಲ್ಲವಾದರೆ ಮೇಲಿನ ಗದ್ದೆಯವನು ಕೊಂಡ ಗೊಬ್ಬರ ಕೆಳಗಿನ ಗದ್ದೆಗೂ ಅಲ್ಲಿಂದ ಹಳ್ಳಕ್ಕೂ ಹೋಗುತ್ತದೆ.

5. ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮತ್ತು ಬಿತ್ತನೆ ಮಾಡಬೇಕು. ಬದುಗಳನ್ನು ದುರಸ್ತಿಯಲ್ಲಿಟ್ಟು, ಅವುಗಳ ಮೇಲೆ ಲಾವಂಚ ಅಥವಾ ಮೇವಿನ ಹುಲ್ಲು ಬೆಳೆಸಬೇಕು. ಹಳ್ಳದ ದಂಡೆಯುದ್ದಕ್ಕೂ ಒಂದಷ್ಟು ಅಗಲದ ಹುಲ್ಲಿನ ಪಟ್ಟಿಯನ್ನು ಉಳದೆ ಬಿಟ್ಟರೆ ಕೊಚ್ಚಿಬರುವ ಮಣ್ಣು ಅಲ್ಲಿಯೇ ನಿಲ್ಲುತ್ತದೆ.

6. ಸುಗ್ಗಿಯ ನಂತರ ನೆಲದಲ್ಲಿ ತೇವವಿದ್ದರೆ ಹುರುಳಿ, ಅಲಸಂದೆ ಮುಂತಾದ ಬೆಳೆಗಳನ್ನು ಬಿತ್ತಬೇಕು. ಅವು ಮಣ್ಣಿನಲ್ಲಿ ಉಳಿದ ನೈಟ್ರೇಟನ್ನೂ ಬಳಸಿಕೊಳ್ಳುತ್ತವೆ, ನೆಲವನ್ನೂ ಮುಚ್ಚುತ್ತವೆ. ದ್ವಿದಳ ಧಾನ್ಯ ಅಥವಾ ಹಸಿರೆಲೆ ಗೊಬ್ಬರದ ನಂತರದ ಬೆಳೆಗೆ ಯೂರಿಯದ ಪ್ರಮಾಣವನ್ನು ತಗ್ಗಿಸಬಹುದು.

7. ತಿಪ್ಪೆಯನ್ನು ಗುಂಡಿಯಲ್ಲಿ ಮಾಡಿ, ಸುತ್ತ ಏರಿ ಹಾಕಿ, ಮಳೆಗಾಲದಲ್ಲಿ ಮೇಲೆ ಮಣ್ಣು ಅಥವಾ ತೆಂಗಿನ ಗರಿ ಮುಚ್ಚಬೇಕು. ದನಗಳ ಗಂಜಲ ಹರಿದುಹೋಗದಂತೆ ಗುಂಡಿಗೆ ಸೇರಿಸಬೇಕು.

8. ಬೇಸಿಗೆಯಲ್ಲಿ ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುವ ಹಳೆಯ ಪದ್ಧತಿಯನ್ನು ಬಿಡಬಾರದು. ಹೊಲ ಬಿಟ್ಟು ಹೋದ ಮಣ್ಣು ಮತ್ತು ರಂಜಕ ಹೊಲಕ್ಕೇ ಹಿಂದಿರುಗುವ ದಾರಿ ಅದು. ಕೆರೆಯಿಂದ ತೆಗೆದ ಅಂತರಗಂಗೆಯನ್ನೂ ಬೀಜ ಕಟ್ಟುವ ಮುನ್ನ ಕಾಂಪೋಸ್ಟಿಗೆ ಬಳಸಬಹುದು.

ವಿಸ್ತರಣಾ ಕಾರ್ಯಕರ್ತರು ಒಬ್ಬ ರೈತನಿಗೆ ಸಲಹೆ ನೀಡುವುದರೊಡನೆ ಒಂದು ಕೆರೆಯ ಅಚ್ಚುಕಟ್ಟು ಅಥವಾ ಒಂದು ಹಳ್ಳದ ಜಲಾನಯನದ ರೈತರನ್ನೆಲ್ಲ ಒಟ್ಟಿಗೆ ಸೇರಿಸಿ ಈ ಕ್ರಮಗಳನ್ನು ತಿಳಿಸುವುದು ಹೆಚ್ಚು ಫಲಕಾರಿ. ಮೇಲಿನ ಹೊಲದವನು ಬದು ಕಟ್ಟದಿದ್ದರೆ ಕೆಳಗಿನವನ ಶ್ರಮ ನಿಷ್ಫಲವಾಗುತ್ತದೆ. ಬದಲಾವಣೆಯ ಫಲ ಕೆರೆಯ ನೀರಿನಲ್ಲಿ ಕಾಣಲು ಕೆಲವು ವರ್ಷಗಳು ಬೇಕಾಗಬಹುದೆಂಬುದನ್ನೂ ಮೊದಲೇ ತಿಳಿಸಿದರೆ ರೈತರು ನಿರಾಶರಾಗುವುದಿಲ್ಲ.

ಸಮುದ್ರ ದೂರವಿರಬಹುದು, ಆದರೆ ಗೊಬ್ಬರಕ್ಕೆ ಕೊಟ್ಟ ಹಣ ರೈತನ ಕೈಯಿಂದಲೇ ಹೋಗಿರುತ್ತದೆ. ಗೊಬ್ಬರದ ಲೆಕ್ಕವನ್ನು ಬರೆದಿಡುವ ರೈತನಿಗೆ ಉಳಿತಾಯ ಆ ಹಂಗಾಮಿನಲ್ಲಿಯೇ ಸಿಗುತ್ತದೆ; ಕೆರೆಗೆ, ನದಿಗೆ ಅದರ ಪ್ರಯೋಜನ ನಂತರದ ವರ್ಷಗಳಲ್ಲಿ ತಲುಪುತ್ತದೆ. ಬರುವ ಮುಂಗಾರಿಗೆ ಮುನ್ನ ಮಣ್ಣಿನ ಮಾದರಿ ತೆಗೆದು ಹತ್ತಿರದ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕಳುಹಿಸಿ, ಒಂದು ಪುಸ್ತಕದಲ್ಲಿ ಗೊಬ್ಬರದ ಲೆಕ್ಕ ತೆರೆಯುವುದು ಇದಕ್ಕೆ ತಕ್ಕ ಆರಂಭ.